ಪಿಂಜಾರ ಕಾಕಾನ ಮನೆಯ ಕೌದಿಗಳು

ಊರಿನ ಹೆಸರು ಹೇಳುವುದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಈ ನಾಲ್ಕರಲ್ಲಿ ಒಂದು ಎಂದಷ್ಟೇ ತಿಳಿದುಕೊಂಡರೆ ಸಾಕು. ಆಗ ಸುಳ್ಳು ಹೇಳಿದವರ ಮಕ್ಕಳು ಮೊಮ್ಮಕ್ಕಳು ಇನ್ನೂ ಅಲ್ಲೇ ಇದ್ದಾರೆ. ಸುಳ್ಳು ಹೇಳಿದವರಲ್ಲಿ ನಾನೂ ಒಬ್ಬ.

ನಾವು ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಬೇಸಿಗೆ. ಮ್ಯಾಟ್ರಿಕ್ ಮುಗಿಸಿ ಎರಡು ವರ್ಷ ಖಾಲಿ ಕೂತಿದ್ದ ನನಗೆ ಮುನ್ಸಿಪಾಲ್ಟಿಯಲ್ಲಿ ಹಂಗಾಮಿ ಗುಮಾಸ್ತನ ಕೆಲಸ ಸಿಕ್ಕಿತು. ಹಿಂದಿನ ಮಳೆಗಾಲದಲ್ಲಿ ಪೇಟೆಯ ಹಿಂದಿನ ಹಳೇ ಓಣಿಗಳಲ್ಲಿ ವಾಂತಿಭೇದಿ ಬಂದು ಹೋಗಿತ್ತು. ಅಲ್ಲಿನ ಮನೆಗಳು ಎಷ್ಟು ಇಕ್ಕಟ್ಟಾಗಿವೆ ಎಂದು ಮೇಲಿನವರು ವರದಿ ಕೇಳಿದ್ದರು. ಮನೆಮನೆಗೆ ಹೋಗಿ ಖೋಲಿಗಳನ್ನು, ಅಂದರೆ ಕೋಣೆಗಳನ್ನು, ಅಳೆಯುವುದು, ಒಳಗೆ ಎಷ್ಟು ಜನ ಇದ್ದಾರೆಂದು ಬರೆದುಕೊಳ್ಳುವುದು, ಇಷ್ಟೇ ಕೆಲಸ. ನನ್ನ ಜೊತೆ ಇನ್ನೊಬ್ಬ ಗುಮಾಸ್ತನಿದ್ದ, ನನಗಿಂತ ಹತ್ತು ವರ್ಷ ದೊಡ್ಡವನು, ಸದಾ ಬಾಯಲ್ಲಿ ತಂಬಾಕು. ನಮ್ಮಿಬ್ಬರ ಮೇಲೆ ಒಬ್ಬ ಸ್ಯಾನಿಟರಿ ಇನ್ಸ್‌ಪೆಕ್ಟರ್ ಸಾಹೇಬರು.

ರಾಜ್ಯ ಬದಲಾಗಿತ್ತು, ಕಾಯ್ದೆಯ ಪುಸ್ತಕ ಮಾತ್ರ ಹಳೆಯದೇ. ಬಿಳಿಯರ ಕಾಲದಲ್ಲಿ ಮುಂಬಯಿಯ, ಸೊಲ್ಲಾಪುರದ ಗಿರಣಿ ಕೆಲಸಗಾರರ ಸಾಲುಮನೆ ಚಾಳುಗಳಿಗಾಗಿ ಬರೆದದ್ದು. ದೊಡ್ಡವರೊಬ್ಬರಿಗೆ ಇಷ್ಟು ಚದರಡಿ ನೆಲ ಬೇಕು, ಸಣ್ಣ ಮಕ್ಕಳು ಅರ್ಧ ಮನುಷ್ಯರು, ಅದಕ್ಕಿಂತ ಹೆಚ್ಚಾದರೆ ನೋಟೀಸು. ನೋಟೀಸು ಬಂದ ಮನೆಯವರು ಗಡುವಿನೊಳಗೆ ಹೆಚ್ಚಿನ ಜನರನ್ನು ಹೊರಗೆ ಹಾಕಬೇಕು. ನಮ್ಮ ಕಡೆ ಮನೆಯನ್ನು ಯಾರೂ ಅಡಿಯಲ್ಲಿ ಅಳೆದವರಲ್ಲ. ಎರಡು ಕಂಬದ ನಡುವಿನ ಜಾಗ ಒಂದು ಅಂಕಣ. ಎರಡು ಅಂಕಣದ ಮನೆ, ಮೂರು ಅಂಕಣದ ಮನೆ ಅನ್ನುವುದು ರೂಢಿ. ಮೇಲೆ ಮಣ್ಣಿನ ಮಾಳಿಗೆ. ಮಳೆ ಚಳಿ ಬಿಟ್ಟರೆ ಉಳಿದ ತಿಂಗಳೆಲ್ಲ ಅರ್ಧ ಸಂಸಾರ ಮಾಳಿಗೆಯ ಮೇಲೆಯೇ ಮಲಗುತ್ತಿತ್ತು. ಫಾರ್ಮಿನಲ್ಲಿ ಮಾಳಿಗೆಗೆ ಜಾಗವಿರಲಿಲ್ಲ. ಮೊದಲ ದಿನವೇ ಅದನ್ನು ಕೇಳಿದೆ.

“ಮಾಳಿಗಿ ಖೋಲಿ ಅಲ್ಲ,” ಅಂದರು ಸಾಹೇಬರು. “ಮಳಿ ಬಂದ್ರ ಎಲ್ಲಿ ಮಲಗ್ತಾರ? ಅದನ್ನ ಬರೀ.”

ಸಾಹೇಬರು ಒಣಕಲು ಮನುಷ್ಯ. ಹರೆಯದಲ್ಲಿ ಸೊಲ್ಲಾಪುರದಲ್ಲಿ ಒಬ್ಬ ಬಿಳಿ ಡಾಕ್ಟರನ ಕೈಕೆಳಗೆ ಚಾಳುಗಳಲ್ಲಿ ತಲೆ ಎಣಿಸಿದ್ದವರು. ಅಲ್ಲಿ ಒಂದು ಖೋಲಿಯಲ್ಲಿ ಮೂರು ಸಂಸಾರ ಇರುತ್ತಿದ್ದವಂತೆ. ಎಣಿಸುವವರು ಬರುವ ಸುದ್ದಿ ಸಿಕ್ಕ ಕೂಡಲೇ ಎರಡು ಸಂಸಾರ ಮಾಯ. ಅಲ್ಲಿ ಕಲಿತದ್ದನ್ನು ಅವರು ನಮಗೆ ಹೇಳಿಕೊಟ್ಟರು.

“ಬಾಯಿ ನಂಬಬ್ಯಾಡ್ರಿ. ಕೌದಿ ಎಣಸ್ರಿ. ಮನಷ್ಯಾರು ಎಲ್ಲೆರ ಹೋಗಿ ಕುಂಡ್ರತಾರ. ಹಾಸಿಗಿ ಎಲ್ಲಿ ಹೋಗ್ತೈತಿ? ಹಾಸಾಕ ಒಂದು, ಹೊದಿಯಾಕ ಒಂದು. ಎರಡು ಕೌದಿಗೆ ಒಬ್ಬ ಮನಷ್ಯಾ.”

ಸಂಶಯ ಪಡುವುದನ್ನು ನಾನು ಬೇಗ ಕಲಿತೆ. ನಿಜ ಹೇಳಬೇಕೆಂದರೆ ಜೀವನದಲ್ಲಿ ನಾನು ಮೊದಲು ಚೆನ್ನಾಗಿ ಕಲಿತ ಕೆಲಸ ಅದೇ. ಮನೆಯೊಡತಿ “ನಾಕ ಮಂದಿ ಅದೀವ್ರಿ” ಅನ್ನುವಾಗ ನನ್ನ ಕಣ್ಣು ಗೂಟದ ಮೇಲಿನ ಅಂಗಿ ಎಣಿಸುತ್ತಿತ್ತು. ಕಲ್ಲಿನ ಮೇಲೆ ಸಾಲಾಗಿ ಒಣಗಿದ ಧೋತರ, ಬಾಗಿಲ ಬಳಿಯ ಚಪ್ಪಲಿ, ಬುಟ್ಟಿಯ ರೊಟ್ಟಿ, ಎಲ್ಲದರಲ್ಲೂ ಒಬ್ಬೊಬ್ಬ ಬಚ್ಚಿಟ್ಟ ಮನುಷ್ಯ ಕಾಣುತ್ತಿದ್ದ.

ಓಣಿಯವರಿಗೂ ನಮ್ಮ ಮೇಲೆ ಅಷ್ಟೇ ಸಂಶಯ. ಮನೆಪಟ್ಟಿ ಏರಿಸಲು ಬಂದಿದ್ದಾರೆ ಎಂದರು ಕೆಲವರು. ಮನೆ ಕೆಡವಿ ರಸ್ತೆ ಮಾಡುತ್ತಾರೆ ಎಂದರು ಕೆಲವರು. ಒಬ್ಬ ಮುದುಕಿ ನನ್ನ ಕೈಯ ಟೇಪಿನ ತುದಿ ಹಿಡಿದು ಬಿಡಲೇ ಇಲ್ಲ.

“ನಾ ಸಣ್ಣಾಕಿ ಇದ್ದಾಗ ಪ್ಲೇಗ ಬಂದಿತ್ತು. ಟೊಪಗಿಯವ್ರು ಹಿಂಗ ಬಂದು ಎಣಿಸಿ ಹ್ವಾದ್ರು. ಮರುದಿನ ನಮ್ಮವ್ವನ್ನ ಊರ ಹೊರಗಿನ ಗುಡಸಲಕ್ಕ ಒಯ್ದ್ರು. ತಿರುಗಿ ಬರಲಿಲ್ಲ ಆಕಿ. ನೀ ಯಾರ ಮಗಾ? ಯಾರನ್ನ ಒಯ್ಯಾಕ ಬಂದೀ?”

ಯಾರನ್ನೂ ಒಯ್ಯುವುದಿಲ್ಲ ಎಂದೆ. ಅವಳು ನಂಬಲಿಲ್ಲ. ಅವಳ ಮನೆಯಲ್ಲಿ ಎಷ್ಟು ಜನ ಎಂದು ಕೇಳಿದೆ. ಅವಳು ಹೇಳಿದ್ದನ್ನು ನಾನು ನಂಬಲಿಲ್ಲ.

ಆದರೂ ಲೆಕ್ಕ ಕೂಡುತ್ತಲೇ ಹೋಯಿತು. ಐದು ಮಂದಿ ಎಂದ ಮನೆಯಲ್ಲಿ ಹತ್ತೇ ಕೌದಿ. ನಾಲ್ಕು ಎಂದಲ್ಲಿ ಎಂಟು. ಓಣಿಗೆ ಓಣಿಯೇ ಕಾಯ್ದೆಗೆ ಸರಿಯಾಗಿ ಬದುಕುತ್ತಿತ್ತು. ನನಗೆ ಇರಸುಮುರಸಾಯಿತು. ಇದೇ ಓಣಿಗಳಲ್ಲಿ ಹುಟ್ಟಿ ಬೆಳೆದವನು ನಾನು. ಮದುವೆ ಮುಂಜಿಗೆ ಇವರು ಹಿಂಡುಗಟ್ಟಿ ಬರುವುದನ್ನು ಕಂಡವನು. ಇನ್ನೊಂದು ವಿಚಿತ್ರವೂ ಕಣ್ಣಿಗೆ ಬಿದ್ದಿತ್ತು. ನಾವು ಒಂದು ಓಣಿಗೆ ಹೋಗುವ ಹಿಂದಿನ ದಿನ ಆ ಓಣಿಯ ಹೆಂಗಸರು ತಲೆಯ ಮೇಲೆ ಕೌದಿಯ ಗಂಟು ಹೊತ್ತು ಒಗೆಯಲೆಂದು ಹಳ್ಳದ ದಾರಿ ಹಿಡಿಯುತ್ತಿದ್ದರು. ಬೇಸಿಗೆಯಲ್ಲಿ ಕೌದಿ ಒಗೆಯುವುದು ಎಲ್ಲರ ಮನೆಯ ಕೆಲಸ, ಆದ್ದರಿಂದ ಅದರಲ್ಲೇನೂ ತಪ್ಪು ಕಾಣಲಿಲ್ಲ. ಹಳ್ಳದಿಂದ ಬಂದ ಮೇಲೆ ಯಾವ ಗೋಡೆಯ ಮೇಲೂ ಒಂದೇ ಒಂದು ಹಸಿ ಕೌದಿ ಒಣಗುತ್ತಿರಲಿಲ್ಲ. ಅಷ್ಟು ಸಂಶಯಗಾರನಾದ ನನಗೆ ಅದೊಂದು ಹೊಳೆಯಲಿಲ್ಲ.

ಪಿಂಜಾರ ಕಾಕಾನ ಮನೆ ಹಳ್ಳಕ್ಕೆ ಇಳಿಯುವ ದಾರಿಯಲ್ಲಿತ್ತು. ಅವರು ತಲೆತಲಾಂತರದಿಂದ ಅರಳೆ ಹಿಂಜಿ ಗಾದಿ, ದಿಂಬು ಮಾಡುವವರು. ನಮ್ಮಣ್ಣನ ಮದುವೆಯ ಗಾದಿಯೂ ಕಾಕಾ ಹೊಲಿದದ್ದೇ. ಮುಂದಿನ ಅಂಕಣ ಕೆಲಸದ ಜಾಗ, ಹಿಂದಿನ ಅಂಕಣ ಸಂಸಾರದ್ದು. ಟೇಪು ಹಿಡಿದು ಒಳಗೆ ಹೋದಾಗ ಕಾಕಾ ಹಿಂಜುವ ಬಿಲ್ಲು ಕೆಳಗಿಟ್ಟು ಗಡ್ಡಕ್ಕೆ ಹತ್ತಿದ್ದ ಅರಳೆ ಒರೆಸಿಕೊಂಡ.

“ಬಾ ತಮ್ಮಾ. ಅಳೀ, ಅಳೀ.”

“ಎಷ್ಟ ಮಂದಿ ಅದೀರಿ ಕಾಕಾ?”

“ಏಳ. ನಾವಿಬ್ರು, ನಮ್ಮವ್ವ, ಇಬ್ರು ಗಂಡ ಮಕ್ಕಳು, ಸೊಸಿ, ಆಕಿ ಕೂಸು.”

ಹಿಂದಿನ ಅಂಕಣಕ್ಕೆ ಹೋಗಿ ನೋಡಿದೆ. ಗೋಡೆಯ ಒಂದು ಬದಿ ನೆಲದಿಂದ ಜಂತಿಯವರೆಗೆ ಹಾಸಿಗೆಯ ರಾಶಿ. ಗಾದಿಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಅವು ಗಿರಾಕಿಗಳವು. ಆದರೆ ಗಾದಿಗಳ ಹಿಂದೆ ಕೌದಿಗಳಿದ್ದವು. ಕೌದಿಯನ್ನು ಯಾರೂ ಪಿಂಜಾರನ ಬಳಿ ತರುವುದಿಲ್ಲ. ಹಳೇ ಸೀರೆ ಧೋತರದ ಅರಿವೆ ಕೂಡಿಸಿ ಹೆಂಗಸರು ಮನೆಯಲ್ಲೇ ಹೊಲಿಯುವ ವಸ್ತು ಅದು; ಅದಕ್ಕೆ ಅರಳೆಯೂ ಬೇಡ, ಬಿಲ್ಲೂ ಬೇಡ. ಅಂದಮೇಲೆ ಇವು ಮನೆಯವರವೇ. ಎಣಿಸಿದೆ, ಇಪ್ಪತ್ತಾರು.

“ಇವು ಯಾರವು ಕಾಕಾ?”

ಕಾಕಾ ಸರಿದ ಗಾದಿಯನ್ನು ಮತ್ತೆ ರಾಶಿಗೆ ಒತ್ತಿದ. “ಇರ್ಲಿ ಬಿಡು,” ಅಂದ.

ಅವನ ಹೆಂಡತಿ, ನಾವು ಕಾಕಿ ಎನ್ನುತ್ತಿದ್ದವಳು, ಒಲೆಯ ಮುಂದಿನಿಂದ ನನ್ನನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಕಳ್ಳತನದಲ್ಲಿ ಸಿಕ್ಕಿಬಿದ್ದವರ ನೋಟದಂತೆ ಕಂಡಿತು. ಇಪ್ಪತ್ತಾರರಲ್ಲಿ ಅರ್ಧ ಹದಿಮೂರು. ಏಳರ ಮುಂದೆ ಗೆರೆ ಎಳೆದು ಹದಿಮೂರು ಎಂದು ಬರೆದೆ. ಉಳಿದ ಆರು ಮಂದಿ ಯಾರು, ಎಲ್ಲಿಂದ ಬಂದವರು ಎಂದು ತಿಳಿಯಲು ಮೂರು ಮುಂಜಾನೆ ಹಳ್ಳದ ದಾರಿಯಲ್ಲಿ ಸುಮ್ಮನೆ ಸೈಕಲ್ ತುಳಿದೆ. ಅದೇ ಏಳು ಮಂದಿ ಕಂಡರು. ಎಷ್ಟು ಜಾಣತನದಿಂದ ಬಚ್ಚಿಟ್ಟಿದ್ದಾರೆ ಎಂದುಕೊಂಡೆ.

ಹತ್ತು ದಿನ ಕಳೆದು ನಮ್ಮ ಓಣಿಯ ಸರದಿ ಬಂತು. ತನ್ನ ಓಣಿಯನ್ನು ತಾನೇ ಅಳೆಯಬಾರದೆಂದು ಸಾಹೇಬರ ನಿಯಮ. ತಂಬಾಕಿನ ಗುಮಾಸ್ತ ಬರುವವನಿದ್ದ. ಊಟಕ್ಕೆ ಕೂತಾಗ ಮನೆಯಲ್ಲಿ ಈ ಮಾತು ಹೇಳಿದೆ. ಅಪ್ಪ, ಅವ್ವ, ಗಂಡ ಸತ್ತ ಮೇಲೆ ತವರಿಗೆ ಬಂದ ಅತ್ತೆ, ಅಣ್ಣ, ಅತ್ತಿಗೆ, ಅವರ ನಾಲ್ಕು ಮಕ್ಕಳು, ನಾನು. ಎರಡು ಅಂಕಣದಲ್ಲಿ ಹತ್ತು ಜನ. ಊರವರ ತಲೆ ಎಣಿಸುತ್ತ ತಿರುಗಿದ ಅಷ್ಟೂ ದಿನ ನಮ್ಮ ಮನೆಯ ತಲೆ ಎಣಿಸಬೇಕೆಂದು ನನಗೆ ಅನ್ನಿಸಿರಲಿಲ್ಲ.

“ಐದ ಮಂದಿ ಅಂತ ಹೇಳೂಣು,” ಅಂದಳು ಅವ್ವ. “ನಿಮ್ಮತ್ತಿಗಿ, ಹುಡುಗ್ರು ಅಗರಖೇಡಕ್ಕ ಬೀಗರ ಮನಿಗೆ ಹೋಗಿ ಬರ್ತಾರ.”

“ಕೌದಿ ಎಣಸ್ತಾರವ್ವಾ.”

“ಅದು ನಮಗೂ ಗೊತ್ತೈತಿ. ಹತ್ತು ಕೌದಿ ಪಿಂಜಾರ ಕಾಕಾನ ಮನ್ಯಾಗ ಇಟ್ಟ ಬರೂಣು.”

“ಅಲ್ಲಿ ಯಾಕ?”

ಅವ್ವ ನನ್ನನ್ನು ಪೆದ್ದನನ್ನು ನೋಡಿದಂತೆ ನೋಡಿದಳು. “ಹಾಸಿಗಿ ರಾಶಿ ಇರೂ ಮನಿ ಊರಾಗ ಅದೊಂದೇ. ಎಲ್ಲಾರೂ ಅಲ್ಲೇ ಇಟ್ಟಾರ. ನೀ ಎಂಥಾ ಗುಮಾಸ್ತನೋ?”

ಮರುದಿನ ಬೆಳಿಗ್ಗೆ ಅವ್ವ, ಅತ್ತಿಗೆ ಹಳ್ಳಕ್ಕೆ ಹೊರಟವರಂತೆ ಗಂಟು ಹೊತ್ತರು. ಒಂದು ಗಂಟು ಭಾರವೆಂದು ನಾನೂ ಹೋಗಬೇಕಾಯಿತು. ಕಾಕಾ ಏನೂ ಕೇಳದೆ ಗಾದಿ ಸರಿಸಿದ. ಆಗ ಆ ರಾಶಿಯನ್ನು ನಾನು ಮೊದಲ ಸಲ ಸರಿಯಾಗಿ ನೋಡಿದೆ. ಖಾಕಿ ಪ್ಯಾಂಟಿನ ಚೌಕಗಳಿದ್ದ ಕೌದಿ ನಿವೃತ್ತ ಪೊಲೀಸನ ಮನೆಯದು. ಅಲ್ಲಿ ನಾನು ಐದು ಬರೆದಿದ್ದೆ. ಪಟ್ಟೆಪಟ್ಟೆ ಚೂರುಗಳದ್ದು ದರ್ಜಿಯ ಮನೆಯದು, ಅಲ್ಲಿ ನಾಲ್ಕು. ಟೇಪು ಹಿಡಿದುಕೊಂಡಿದ್ದ ಮುದುಕಿಯ ಇಳಕಲ್ ಸೀರೆಯ ಸೆರಗು ಒಂದರ ಮೇಲಿತ್ತು. ನಾನು ನಂಬಿದ ಮನೆಗಳೆಲ್ಲ ಸುಳ್ಳು ಹೇಳಿದ್ದವು. ನಾನು ನಂಬದ ಮನೆಯೊಂದೇ ನಿಜ ಹೇಳಿತ್ತು. ಸಾಹೇಬರು ಮರುತಪಾಸಣೆಗೆ ಯಾವಾಗ ಬರುತ್ತಾರೋ ಎಂಬ ಭಯಕ್ಕೆ ಯಾರೂ ಕೌದಿ ತಿರುಗಿ ಒಯ್ದಿರಲಿಲ್ಲ. ಬೇಸಿಗೆ, ಹೊದೆಯಲು ಬೇಕಾಗಿಯೂ ಇರಲಿಲ್ಲ.

“ಕಾಕಾ, ಅವತ್ತ ನೀ ಯಾಕ ಹೇಳಲಿಲ್ಲ?” ಎಂದು ಮೆಲ್ಲಗೆ ಕೇಳಿದೆ.

“ಸರಕಾರದಿಂದ ಬಂದಿದ್ದಿ ನೀ. ನಿನಗ ಹೆಂಗ ಹೇಳ್ಲಿ?” ಅಂದು ಅವನು ನಮ್ಮ ಗಂಟನ್ನು ಮೂಲೆಗೆ ಒತ್ತಿದ.

ಗುಮಾಸ್ತ ಬಂದ, ಅಳೆದ. ಅಪ್ಪ ಐದು ಮಂದಿ ಎಂದ. ಗುಮಾಸ್ತ ಹತ್ತು ಕೌದಿ ಎಣಿಸಿದ, ಗೋಡೆಗೆ ಒರಗಿಸಿದ್ದ ಮಕ್ಕಳ ಬರೆಯುವ ಪಾಟಿಗಳನ್ನು ನೋಡಿದ, ನನ್ನನ್ನು ನೋಡಿದ. “ಸರಿ,” ಎಂದು ಐದು ಬರೆದುಕೊಂಡ. ಅವನಿಗೆ ಗೊತ್ತಾಗಿತ್ತೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಅಂದಿನಿಂದ ಕಚೇರಿಯಲ್ಲಿ ಅವನು ನಕ್ಕಾಗಲೆಲ್ಲ ನಾನು ಕಾಗದಗಳತ್ತ ಮುಖ ತಿರುಗಿಸುತ್ತಿದ್ದೆ.

ಅದೇ ವಾರ ಕಾಕಾನ ಬಾಗಿಲಿಗೆ ನೋಟೀಸು ಹಚ್ಚಿದರು. ಹಳೇ ಓಣಿಗಳಲ್ಲೆಲ್ಲ ಅತಿ ಇಕ್ಕಟ್ಟಿನ ಮನೆ ಅದು, ಹದಿಮೂರು ಮಂದಿ, ಹೆಚ್ಚಿನವರು ತಿಂಗಳೊಳಗೆ ತೆರವಾಗಬೇಕು, ತಕರಾರಿದ್ದರೆ ಕಚೇರಿಗೆ ಬರಬೇಕು. ಆ ಹದಿಮೂರನ್ನು ಬರೆದವನು ನಾನೇ. ತಿದ್ದಬೇಕಾದರೆ ಆ ಕೌದಿಗಳು ಯಾರವೆಂದು ಹೇಳಬೇಕು. ಹೇಳಿದರೆ ಅರ್ಧ ಊರಿಗೆ ನೋಟೀಸು, ನಮಗೂ ನೋಟೀಸು, ನನ್ನ ಕೆಲಸಕ್ಕೂ ಕಲ್ಲು. ನಾಲ್ಕು ದಿನ ಬಾಯಿ ಬಿಡಲಿಲ್ಲ. ಆ ನಾಲ್ಕು ದಿನ ನನ್ನ ಸಂಶಯವೆಲ್ಲ ಕಾಕಾನ ಮೇಲೆ. ಕಚೇರಿಗೆ ಬಂದವನು ಮೊದಲು ನನ್ನ ಹೆಸರನ್ನೇ ಹೇಳುತ್ತಾನೆ. ಯಾಕೆ ಹೇಳಬಾರದು? ಅವನ ಜಾಗದಲ್ಲಿ ನಾನಿದ್ದರೆ ಹೇಳುತ್ತಿದ್ದೆ. ಅವ್ವನ ಮನಸ್ಸಿನಲ್ಲೂ ಅದೇ. “ನಮ್ಮ ಕೌದಿ ತಿರುಗಿ ತರೂಣೇನು?” ಎಂದು ದಿನಕ್ಕೆ ಎರಡು ಸಲ ಕೇಳುತ್ತಿದ್ದಳು. ಈಗ ಹೋದರೆ ಯಾರಾದರೂ ನೋಡುತ್ತಾರೆ ಎಂದು ನಾನೇ ತಡೆದೆ.

ಕಾಕಾ ಬಂದದ್ದು ಮಟಮಟ ಮಧ್ಯಾಹ್ನ. ಒಗೆದ ಅಂಗಿ, ತಲೆಗೆ ರುಮಾಲು. ನಾನು ಮೂಲೆಯ ಮೇಜಿನಲ್ಲಿ ತಲೆ ಬಗ್ಗಿಸಿ ಸುಮ್ಮನೆ ಗೆರೆ ಎಳೆಯುತ್ತಿದ್ದೆ.

“ಮನ್ಯಾಗ ಎಷ್ಟ ಮಂದಿ?” ಸಾಹೇಬರು ಕೇಳಿದರು.

“ಏಳ ಮಂದಿರಿ.”

“ಇಲ್ಲಿ ಹದಿಮೂರು ಬರದೈತಿ.”

“ಬರದವ್ರು ಬರಕೊಂಡಾರ್ರಿ. ನಾವು ಏಳ ಅದೀವಿ.”

“ಮತ್ತ ಇಪ್ಪತ್ತಾರ ಕೌದ್ಯಾಗ ಹೆಚ್ಚಿನವು ಯಾರವು?”

“ಮಂದೀವ್ರಿ.”

“ಯಾವ ಮಂದಿ? ಹೆಸರು ಹೇಳು, ಈಗಿಂದೀಗ ನೋಟೀಸು ಹರದ ಒಗೀತೀನಿ.”

ಈಗ ನನ್ನ ಕಡೆ ನೋಡುತ್ತಾನೆ ಎಂದು ಕಾದೆ. ಕಾಕಾ ನೋಡಲಿಲ್ಲ. ತನ್ನ ಕಾಲ ಬೆರಳುಗಳನ್ನು ನೋಡುತ್ತ ನಿಂತ. “ನಂಬಿ ಇಟ್ಟಾರ್ರಿ ಸಾಹೇಬ್ರ. ನಾ ಹೆಂಗ ಹೆಸರು ಹೇಳ್ಲಿ?”

“ಹಂಗಾದ್ರ ಮನಿ ಖಾಲಿ ಮಾಡು.”

“ಆತ್ರಿ,” ಅಂದ ಕಾಕಾ.

ಅವನು ತಿರುಗಿ ಬಾಗಿಲ ಕಡೆ ನಡೆದ. ಅದೊಂದು ಮಾತನ್ನು ಅವನು ಜಗಳವಾಡದೆ ಒಪ್ಪಿಕೊಂಡದ್ದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಎದ್ದು ನಿಂತದ್ದು ಗೊತ್ತು, ಧೈರ್ಯ ಮಾಡಿದ್ದು ಗೊತ್ತಿಲ್ಲ.

“ಸಾಹೇಬ್ರ, ಈಗ ಅಲ್ಲಿ ಹೋಗಿ ಎಣಿಸಿದ್ರ ಇನ್ನೂ ಹೆಚ್ಚ ಆಗ್ತಾವ್ರಿ. ಅದರಾಗ ಹತ್ತು ನಮ್ಮೂವು.”

“ನಿಮ್ಮೂವು ಅಲ್ಲಿ ಯಾಕದಾವು?”

ಇಲ್ಲಿಯೂ ಪೂರ್ತಿ ನಿಜ ಬಾಯಿಗೆ ಬರಲಿಲ್ಲ. “ಅರಳಿ ತುಂಬಸಾಕ ಕೊಟ್ಟಿದ್ವಿರಿ.”

ಸಾಹೇಬರು ಪೆನ್ನು ಕೆಳಗಿಟ್ಟರು. “ಕೌದಿಗೆ ಯಾರೋ ಅರಳಿ ತುಂಬಸ್ತಾರ?”

ತಂಬಾಕಿನ ಗುಮಾಸ್ತ ಕಿಟಕಿಯ ಕಡೆ ತಿರುಗಿದ. ಮತ್ತೆ ಸುಳ್ಳು ಕಟ್ಟಲು ನನಗೆ ಶಕ್ತಿ ಇರಲಿಲ್ಲ. “ನಮ್ಮ ಮನ್ಯಾಗ ಹತ್ತು ಮಂದಿ ಅದೀವ್ರಿ,” ಅಂದೆ. “ಐದ ಅಂತ ಬರಿಸೀವಿ.”

“ಉಳದ ಕೌದಿ ಯಾರವು?”

“ಗೊತ್ತಿಲ್ರಿ.”

ನನಗೆ ಗೊತ್ತಿದೆ ಎಂಬುದು ಅವರಿಗೆ ಗೊತ್ತಾಯಿತು. ಆಮೇಲೆ ಕಾಕಾನ ಕಾಗದ ತೆಗೆದು ಹದಿಮೂರಕ್ಕೆ ಗೆರೆ ಎಳೆದು ಏಳು ಎಂದು ಬರೆದರು. ಏಳಕ್ಕೂ ಆ ಜಾಗ ಸಾಲದು. ಆದರೆ ಕೂಸು ಅರ್ಧ ಮನುಷ್ಯ, ಕಾಕಾನ ತಾಯಿಯ ಹಾಸಿಗೆ ಕೆಲಸದ ಅಂಕಣದಲ್ಲಿ ಎಂದು ಏನೋ ಹೊಂದಿಸಿ ನೋಟೀಸು ಹರಿದರು. ಸೊಲ್ಲಾಪುರದಲ್ಲಿ ಅವರು ಹೀಗೆ ಯಾರಿಗಾದರೂ ಹೊಂದಿಸಿಕೊಟ್ಟಿದ್ದರೋ ಇಲ್ಲವೋ ಕೇಳುವ ಮುಖ ನನಗಿರಲಿಲ್ಲ. ವಾರ ಮುಗಿಯುವುದರೊಳಗೆ ನನ್ನ ಕೆಲಸ ಹೋಯಿತು. ಹೊಸ ನೋಟೀಸು ನಮ್ಮ ಬಾಗಿಲಿಗೆ ಬಂತು.

ಅಣ್ಣ ಅದನ್ನು ಓದಿದ. “ಊರಿಗೆಲ್ಲ ಬಾಯಿ ಐತಿ. ಖರೇ ಹೇಳೂದು ನಿನಗ ಒಬ್ಬಾವಗ ಬೇಕಾಗಿತ್ತೇನು?” ಎಂದಷ್ಟೇ ಕೇಳಿ ನನ್ನೊಡನೆ ಮಾತು ಬಿಟ್ಟ. ಮಳೆಗಾಲಕ್ಕೆ ಮುಂಚೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರ ಹೊರಗೆ, ಅರಳೆ ಬಿಡಿಸುವ ಜಿನ್ನಿಂಗ್ ಗಿರಣಿಯ ಆಚೆ, ತಗಡು ಹೊದಿಸಿದ ಒಂದು ಖೋಲಿಗೆ ಹೋದ. ಮೊದಲ ಮಳೆಗೆ ಅದು ಸೋರಿತು. ಅವ್ವ ಮೊಮ್ಮಕ್ಕಳನ್ನು ನೋಡಲು ದಿನಾ ಅಷ್ಟು ದೂರ ನಡೆಯುತ್ತಿದ್ದಳು.

ಇನ್ನೊಂದಕ್ಕೆ ನಾನು ಸಿದ್ಧನಿರಲಿಲ್ಲ. ಕಚೇರಿಯ ಸುದ್ದಿ ಅಂದೇ ಸಂಜೆಯೊಳಗೆ ಓಣಿಗೆಲ್ಲ ಹಬ್ಬಿತ್ತು. ನಾನು ಎದ್ದು ನಿಂತು ಮಾತಾಡಿದೆ ಎಂಬುದಷ್ಟೇ ಹಬ್ಬಿತ್ತು, ಏನು ಮಾತಾಡಿದೆ ಎಂಬುದಲ್ಲ. ಎರಡು ದಿನದಲ್ಲಿ ಎಲ್ಲರೂ ಕಾಕಾನ ಮನೆಯಿಂದ ತಂತಮ್ಮ ಕೌದಿಗಳನ್ನು ಹೊತ್ತೊಯ್ದರು. ಪೊಲೀಸನ ಹೆಂಡತಿ ನಮ್ಮ ಅವ್ವನೊಡನೆ ನೀರಿಗೆ ಹೋಗುವುದನ್ನು ಬಿಟ್ಟಳು. ದರ್ಜಿ ನನ್ನನ್ನು ಕಂಡರೆ ಮಷಿನ್ನಿನ ಮೇಲೆ ಇನ್ನಷ್ಟು ಬಗ್ಗುತ್ತಿದ್ದ. ಅವರಾರಿಗೂ ನೋಟೀಸು ಬರಲಿಲ್ಲ. ಬರಲಿಲ್ಲವಲ್ಲ ಎಂದು ಸಂಶಯ ಇನ್ನೂ ಹೆಚ್ಚಾಯಿತು. ಯಾರೋ ಒಳಗೊಳಗೆ ಹೊಂದಿಸಿಕೊಂಡಿದ್ದಾರೆ, ಮುಂದೆ ಬರುತ್ತದೆ ಎನ್ನುತ್ತಿದ್ದರು. ಹೆಸರು ಹೇಳಿಲ್ಲವೆಂದು ನನ್ನ ಪರವಾಗಿ ಕಾಕಾ ಒಬ್ಬಿಬ್ಬರಿಗೆ ಹೇಳಿದನಂತೆ. ಅದರಿಂದ ಆದದ್ದು ಇಷ್ಟು: ಅವರು ಕಾಕಾನನ್ನೂ ನಂಬದಾದರು. ಅವನ ನೋಟೀಸು ಸುಮ್ಮನೆ ಹೇಗೆ ರದ್ದಾಯಿತು ಎಂದು ಕೇಳಿದರು. ಆ ದೀಪಾವಳಿಗೆ ಕೆಲವರು ಗಾದಿ ಹೊಲಿಸಲು ಪಕ್ಕದ ಊರಿನ ಪಿಂಜಾರನನ್ನು ಕರೆಸಿದರು.

ಮರುವರ್ಷ ನನಗೆ ಇಂಗಳೇಶ್ವರದ ಹತ್ತಿರದ ಒಂದು ಹಳ್ಳಿಯಲ್ಲಿ ಮಾಸ್ತರಿಕೆ ಸಿಕ್ಕಿತು. ರಜೆಗೆ ಬಂದಾಗ ಒಮ್ಮೆ ಕಾಕಾನ ಮನೆಗೆ ಹೋದೆ. ಹಾಸಿಗೆಯ ರಾಶಿ ಸೊಂಟದಷ್ಟಕ್ಕೆ ಇಳಿದಿತ್ತು. ಆ ದಿನಗಳಿಂದ ಮನಸ್ಸಿನಲ್ಲಿ ಕೊರೆಯುತ್ತಿದ್ದುದನ್ನು ಕೇಳಿದೆ. “ಕಾಕಾ, ಮಂದಿ ಕೌದಿ ಎದಕ ಇಟ್ಕೊಂಡಿ? ನಿನಗೇನ ಬರೂದಿತ್ತು?”

ಏನೋ ಒಂದು ಲಾಭ ಇದ್ದೇ ಇರಬೇಕೆಂದು ಆಗಲೂ ನನ್ನ ಒಳಗೆ ಇತ್ತು. ಯಾರ ಮನೆಯಲ್ಲಿ ಎಷ್ಟು ಜನ ಎಂಬ ಗುಟ್ಟು ಕೈಯಲ್ಲಿಟ್ಟುಕೊಳ್ಳುವುದೂ ಒಂದು ಲಾಭವೇ.

“ಜಾಗಾ ಇತ್ತು, ಇಟ್ಕೊಂಡ್ವಿ,” ಅಂದ ಕಾಕಾ.

ಒಲೆಯ ಮುಂದೆ ಇದ್ದ ಕಾಕಿ ಊದುಗೊಳವೆ ಕೆಳಗಿಟ್ಟಳು. “ಎಲ್ಲಿ ಇತ್ತು ಜಾಗಾ? ಸೊಸಿ ಆಗ ಹಸಿ ಬಾಣಂತಿ. ಕಾಲ ಚಾಚಾಕ ಜಾಗಾ ಇಲ್ದ ಕೂಸಿನ ಎದಿಗೆ ಹಚಗೊಂಡು ಆ ರಾಶಿಗೆ ಆತು ಕುಂತ ಮಲಗ್ಯಾಳ. ಮೂರ ವಾರ. ನೀ ಬಂದು ಎಣಿಸಿಕೊಂಡ ಹ್ವಾದಿ.”

ಕಾಕಾ “ಇರ್ಲಿ ಬಿಡು” ಅಂದ. ಅವಳು ಚಹಾ ಕೊಟ್ಟಳು. ನಾನು ಕುಡಿದೆ. ಒಳಗೆ ಸೊಸೆ ಕೂಸಿಗೆ ಅನ್ನ ಕಲೆಸುತ್ತಿದ್ದಳು. ನನ್ನ ಕಣ್ಣು ಅತ್ತ ಬಿದ್ದದ್ದನ್ನು ನೋಡಿ ಸೆರಗು ಎಳೆದುಕೊಂಡು ಹಿಂದಿನ ಬಾಗಿಲಿನಿಂದ ಹಿತ್ತಲಿಗೆ ಹೋದಳು. ಕೂಸು ನಡೆಯಲು ಕಲಿತಿತ್ತು. ಅವಳ ಹಿಂದೆಯೇ ಗೋಡೆ ಹಿಡಿದುಕೊಂಡು ಹೋಯಿತು.